ಕೊರಗಣ್ಣನ ಫ್ರಿಜ್ಜಿನೊಳಗಿನ ಚಳಿಗಾಲ

ಘಾಟ್ಕೋಪರ್ ಈಸ್ಟಿನಲ್ಲಿ ಕೊರಗ ಸಾಲ್ಯಾನರ ಹೋಟೆಲು ಎಲ್ಲಿದೆ ಎಂದು ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಸ್ಟೇಶನ್ನಿನ ಮೆಟ್ಟಿಲಿಳಿದು ಒಂದು ಕ್ಷಣ ಕಿವಿಗೊಟ್ಟು, ಬೈಗುಳ ಯಾವ ಕಡೆಯಿಂದ ಬರುತ್ತದೋ ಆ ಕಡೆ ನಡೆದರೆ ಇಡ್ಲಿ ಸಿಗುತ್ತಿತ್ತು. ಅವರ ಧ್ವನಿ ಏರಿದಾಗ ಪ್ಲಾಟ್‌ಫಾರ್ಮಿನ ಕಾಗೆಗಳು ಕುರ್ಲಾಕ್ಕೆ ಹಾರುತ್ತಿದ್ದವು, ಕುರ್ಲಾದ ಕಾಗೆಗಳು ಜಾಗ ಸಾಲದೆ ಸಾಯನ್ನಿಗೆ ಹೋಗಿ ಕೂರುತ್ತಿದ್ದವು. ಡಿಸೆಂಬರಿನ ತಂಪಿಗೆ ಇಡ್ಲಿಹಿಟ್ಟು ಉಬ್ಬದಿದ್ದರೆ ಅಡುಗೆಯವರಿಗೆ ಒಂದು ಉಪಾಯ ಗೊತ್ತಿತ್ತು. ಹಿಟ್ಟಿನ ಡಬ್ಬಿಯನ್ನು ಕೊರಗಣ್ಣನ ಕುರ್ಚಿಯ ಪಕ್ಕಕ್ಕಿಟ್ಟು, ಒಬ್ಬ ಬೇಕೆಂದೇ ಒಂದು ಲೋಟ ಒಡೆಯುತ್ತಿದ್ದ. ಆಮೇಲಿನ ಕಾವಿಗೆ ಹಿಟ್ಟು ಮುಚ್ಚಳ ತಳ್ಳಿಕೊಂಡು ಹೊರಗೆ ಬರುತ್ತಿತ್ತು.

ಸಿಟ್ಟಿಗೆ ಕಾರಣ ಬೇಕೆಂಬ ನಿಯಮವನ್ನು ಅವರು ಒಪ್ಪಿದವರಲ್ಲ. ಚಟ್ನಿ ದಪ್ಪವಾದರೆ ಸಿಟ್ಟು, ತೆಳುವಾದರೆ ಸಿಟ್ಟು, ಸರಿಯಾಗಿದ್ದರೆ ಇಷ್ಟು ದಿನ ಯಾಕೆ ಹೀಗೆ ಮಾಡಲಿಲ್ಲ ಎಂದು ಸಿಟ್ಟು. ಹೋಟೆಲನ್ನು ಮಗ ಸಂದೀಪನಿಗೆ ವಹಿಸಿ ನಿವೃತ್ತರಾದ ಮೇಲೆ ಅದು ಇಳಿಯಬಹುದೆಂದು ಮನೆಯವರು ಆಸೆಪಟ್ಟರು. ಆದರೆ ಕೆಲಸವಿದ್ದಾಗ ಕೆಲಸದ ನಡುವೆ ಸಿಟ್ಟು ಮಾಡಿಕೊಳ್ಳುತ್ತಿದ್ದವರಿಗೆ ಈಗ ಅದಕ್ಕೆಂದೇ ಇಡೀ ದಿನ ಬಿಡುವು ಸಿಕ್ಕಿತು, ಅಷ್ಟೇ.

ಇಂಥ ಬೆಂಕಿಗೆ ದೇವರು ಹಿಡಿಸಿದ ಹುಚ್ಚು ಮಾತ್ರ ಪರಮ ತಣ್ಣಗಿನದು. ಕೊರಗಣ್ಣ ಹಿಮದೂರಿನ ನೀಲಿ ಹೂ ಬೆಳೆಸುತ್ತಿದ್ದರು. ಅದೂ ಘಾಟ್ಕೋಪರಿನಲ್ಲಿ.

ಹೋಟೆಲು ಹಾಕುವ ಮೊದಲು ಅವರು ಒಂದು ಟೂರ್ ಕಂಪನಿಯಲ್ಲಿ ಅಡುಗೆಯವರಾಗಿದ್ದರು. ಮುಂಬಯಿಯ ಜನ ಹಿಮಾಲಯದಲ್ಲಿ ಹಿಮ ಇದೆ ಎಂದು ನಂಬುತ್ತಾರೆ, ದೇವರಿದ್ದಾನೆ ಎಂದೂ ನಂಬುತ್ತಾರೆ. ತಿನ್ನುವಂಥ ಊಟ ಇದೆ ಎಂದು ಮಾತ್ರ ನಂಬುವುದಿಲ್ಲ. ಹಾಗಾಗಿ ಕಂಪನಿಯವರು ಯಾತ್ರಿಕರ ಬಸ್ಸಿನ ಬೆನ್ನಿಗೇ ಸ್ಟೋವು, ಕಡಾಯಿ, ಅಡುಗೆಯವರನ್ನೂ ಹೇರಿಕೊಂಡು ಹೋಗುತ್ತಾರೆ. ಹಾಗೆ ಹೋದ ಒಂದು ಮಾರ್ಚಿನ ಕೊನೆಯಲ್ಲಿ, ಶ್ರೀನಗರದ ಗೆಸ್ಟ್ ಹೌಸಿನ ಹಿತ್ತಿಲಿಗೆ ಪಾತ್ರೆ ತೊಳೆದ ನೀರು ಚೆಲ್ಲಲು ಹೋದ ಕೊರಗಣ್ಣ ಬಕೆಟು ಹಿಡಿದೇ ನಿಂತುಬಿಟ್ಟರು. ಹಿಮ ಕರಗಿದ ಕೆಸರಿನಿಂದ ಗೇಣುದ್ದವೂ ಇಲ್ಲದ ನೀಲಿ ಹೂಗಳು ಎದ್ದಿದ್ದವು. ಅಂಥ ನೀಲಿಯನ್ನು ಅವರು ಉಡುಪಿಯ ಕಡಲಿನಲ್ಲಾಗಲಿ, ದಾದರಿನ ಸೀರೆ ಅಂಗಡಿಯಲ್ಲಾಗಲಿ ಕಂಡಿರಲಿಲ್ಲ. ಬಕೆಟಿನ ನೀರು ಅಲ್ಲೇ ಮಂಜುಗಟ್ಟಿತು ಎಂದು ಅವರೇ ಮುಂದೆ ಹೇಳುತ್ತಿದ್ದರು. ಹಿಮ ಕರಗುವ ಕಾಲದಲ್ಲಿ ನೀರು ಹೇಗೆ ಗಟ್ಟಿಯಾಯಿತು ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಆ ಬಸ್ಸಿನಲ್ಲಿ ಪುಣೆಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದ ಒಬ್ಬ ಅಜ್ಜಿ ಇದ್ದರು. ಅಡುಗೆಯವ ಹೂ ನೋಡುತ್ತಾ ನಿಂತದ್ದನ್ನು ಕಂಡು, ತೋಳು ಹಿಡಿದು ಕೆಸರಿನಲ್ಲಿ ಮೊಣಕಾಲೂರಿಸಿದರು. ನಿಂತು ನೋಡಿದರೆ ಎಲ್ಲವೂ ಒಂದೇ ನೀಲಿ, ಹೂವಿನ ಮುಖದ ಮಟ್ಟಕ್ಕೆ ಇಳಿದರೆ ಮಾತ್ರ ಯಾರು ಯಾರೆಂದು ಗೊತ್ತಾಗುತ್ತದೆ ಎಂದರು. ತಲೆ ತಗ್ಗಿಸಿ ನೆಲ ನೋಡುವುದು ಸಿಲ್ಲಾ. ಅದರ ಎಸಳುಗಳು ಬುಡದವರೆಗೂ ಬಿಡಿ ಬಿಡಿ. ಮುಖ ಮೇಲೆತ್ತಿ ಆಕಾಶ ನೋಡುವುದು ಕಿಯೋನೊಡಾಕ್ಸಾ. ಅದಕ್ಕೆ ನಡುವೆ ಬಿಳಿ ಕಣ್ಣು, ಎಸಳುಗಳು ಬುಡದಲ್ಲಿ ಕೂಡಿಕೊಂಡು ಸಣ್ಣ ಕೊಳವೆಯಾಗಿರುತ್ತವೆ. ಪುಟ್ಟ ದ್ರಾಕ್ಷಿಗೊಂಚಲಿನಂತಿರುವುದು ಮಸ್ಕಾರಿ, ಅದನ್ನು ಕುರುಡನೂ ಗುರುತಿಸಬಲ್ಲ. ಕೊನೆಗೆ ಅಜ್ಜಿ ಒಂದು ಎಚ್ಚರಿಕೆಯನ್ನೂ ಕೊಟ್ಟರು: ಮೊದಲಿನ ಎರಡನ್ನು ಗೆಡ್ಡೆ ನೋಡಿ ಹೇಳಲು ಹೋಗಬೇಡ, ಮೊಳಕೆ ನೋಡಿ ಹೇಳಲು ಹೋಗಬೇಡ, ಹೂ ಬಿಡುವವರೆಗೆ ಬಾಯಿ ಮುಚ್ಚಿಕೊಂಡಿರು.

ಕೊರಗಣ್ಣನಿಗೆ ಅಜ್ಜಿಯ ಪಾಠವೆಲ್ಲ ಜೀವನಪೂರ್ತಿ ನೆನಪಿತ್ತು, ಆ ಕೊನೆಯ ಮಾತೊಂದನ್ನು ಬಿಟ್ಟು.

ಅಂದಿನಿಂದ ಪ್ರತಿ ವರ್ಷ ಗೆಸ್ಟ್ ಹೌಸಿನ ಮಾಲಿ ಒಂದು ಚೀಲ ಸಿಲ್ಲಾ ಗೆಡ್ಡೆ ಕಳಿಸುತ್ತಿದ್ದ. ಮರಳಿ ಬರುವ ಟೂರಿನ ಅಡುಗೆಯವರು ಅದನ್ನು ಅಕ್ಕಿ ಮೂಟೆಗಳ ನಡುವೆ ತರುತ್ತಿದ್ದರು. ಸಾಂಬಾರ್ ಈರುಳ್ಳಿಯಷ್ಟೇ ಗಾತ್ರದ ಕಂದು ಗೆಡ್ಡೆಗಳು. ಚಳಿಗಾಲ ಅನುಭವಿಸದೆ ಅವು ಹೂ ಬಿಡುವುದಿಲ್ಲ, ಮುಂಬಯಿಯಲ್ಲಿ ಚಳಿಗಾಲ ಎಂದರೆ ಫ್ಯಾನನ್ನು ಐದರಿಂದ ನಾಲ್ಕಕ್ಕೆ ಇಳಿಸುವುದು. ಆದ್ದರಿಂದ ಹೋಟೆಲಿನ ದೊಡ್ಡ ಫ್ರಿಜ್ಜಿನ ಕೆಳಗಿನ ಹಲಗೆಯನ್ನು ಕೊರಗಣ್ಣ ಕಾಶ್ಮೀರವೆಂದು ಘೋಷಿಸಿದ್ದರು. ದಸರೆಯಿಂದ ಸಂಕ್ರಾಂತಿಯವರೆಗೆ ಗೆಡ್ಡೆಗಳು ಅಲ್ಲಿ ಮಲಗುತ್ತಿದ್ದವು, ಆಮೇಲೆ ಕುಂಡಕ್ಕಿಳಿದು ಫೆಬ್ರವರಿಯಲ್ಲಿ ಹೂ ಬಿಡುತ್ತಿದ್ದವು. ಹಣ್ಣಿನ ಗಾಳಿ ತಗಲಿದರೆ ಮೊಗ್ಗು ಒಳಗೇ ಸಾಯುತ್ತದೆಂದು ಆ ಫ್ರಿಜ್ಜಿಗೆ ಬಾಳೆಹಣ್ಣು ಬರುವಂತಿರಲಿಲ್ಲ. ಒಮ್ಮೆ ಯಾರೋ ಶೀರಾಕ್ಕೆಂದು ಒಂದು ಚಿಪ್ಪು ಇಟ್ಟಾಗ ಕೊರಗಣ್ಣ ಕಿರುಚಿದ ರಭಸಕ್ಕೆ ಹಣ್ಣು ತಾನಾಗಿ ಸಿಪ್ಪೆ ಬಿಚ್ಚಿಕೊಂಡಿತಂತೆ.

ಹೆಂಡತಿ ಶೀಲಾವತಿ ಆ ಹೂಗಳನ್ನು ಸವತಿ ಎನ್ನುತ್ತಿದ್ದರು. ಸಂದೀಪ ಅವುಗಳ ಹೆಸರೆತ್ತಿದರೆ ಫೋನು ಕಿವಿಗಿಟ್ಟುಕೊಂಡು ಹೊರನಡೆಯುತ್ತಿದ್ದ. ಆಕಳಿಸದೆ ಆ ಪುರಾಣ ಕೇಳಿದವಳು ಇಡೀ ಮನೆಯಲ್ಲಿ ಒಬ್ಬಳೇ, ಸೊಸೆ ಯಕ್ಷಿತಾ. ಪವಾಯಿಯಲ್ಲಿ ಹುಟ್ಟಿ ಬೆಳೆದ ಹುಡುಗಿ. ಹೋಟೆಲಿನ ಕೌಂಟರು, ಆನ್‌ಲೈನ್ ಆರ್ಡರು ಎರಡನ್ನೂ ನೋಡಿಕೊಳ್ಳುತ್ತಿದ್ದಳು. ಕನ್ನಡವನ್ನು ನಡುನಡುವೆ ನಿಂತು, ಹಿಂದಿಯನ್ನು ಊರುಗೋಲು ಮಾಡಿಕೊಂಡು ಮಾತಾಡುತ್ತಿದ್ದಳು. ಮದುವೆಯಾಗಿ ಬಂದ ಮೊದಲ ಫೆಬ್ರವರಿಯಲ್ಲಿ ಕುಂಡದ ಮುಂದೆ ಕುಕ್ಕರಗಾಲಲ್ಲಿ ಕೂತು, "ಮಾವ, ಇದು ಯಾಕೆ ಇಷ್ಟು ಶರ್ಮಾತದೆ, ತಲೆಯೇ ಎತ್ತುದಿಲ್ಲ?" ಎಂದು ಕೇಳಿದ್ದಳು. ಕೊರಗಣ್ಣ ಆ ದಿನ ಸಂಜೆಯವರೆಗೆ ಯಾರನ್ನೂ ಬೈಯಲಿಲ್ಲ. ಅಡುಗೆಯವರು ಗಾಬರಿಯಾಗಿ ಡಾಕ್ಟರನ್ನು ಕರೆಸಲೋ ಎಂದು ಮಾತಾಡಿಕೊಂಡರು.

ಈ ವರ್ಷ ಸಂಕ್ರಾಂತಿಯ ಹಿಂದಿನ ದಿನ ಚೀಲ ತೆಗೆದಾಗ ಅದು ಅರ್ಧಕ್ಕರ್ಧ ಖಾಲಿಯಾಗಿತ್ತು.

ಆಗ ಎದ್ದ ಗದ್ದಲವನ್ನು ವರ್ಣಿಸಲು ಹೋದರೆ ಕಾಗದ ಸುಟ್ಟೀತು. ಯಾರು ತೆಗೆದದ್ದು ಎಂದು ಅಡುಗೆಮನೆಯ ಒಬ್ಬೊಬ್ಬರನ್ನೂ ಕೇಳಿದರು. ಎಲ್ಲರೂ ತಲೆ ಬಗ್ಗಿಸಿ ತಮ್ಮ ತಮ್ಮ ಪಾತ್ರೆ ನೋಡಿದರು. ಉಳಿದ ಗೆಡ್ಡೆಗಳನ್ನು ಕೊರಗಣ್ಣ ಹಲ್ಲು ಕಡಿಯುತ್ತಾ ಕುಂಡಕ್ಕಿಳಿಸಿದರು.

ಮುಂದಿನ ಭಾನುವಾರ ಬೀಗರ ಮನೆಯಲ್ಲಿ ಊಟ. ಯಕ್ಷಿತಾಳ ಅಪ್ಪ ಕಾಶಿನಾಥ ಬಂಗೇರರು ಪವಾಯಿ ಕೆರೆಯ ಕಡೆಗೆ ಮುಖ ಮಾಡಿದ ಬಿಲ್ಡಿಂಗಿನ ಒಂಬತ್ತನೇ ಮಾಳಿಗೆಯಲ್ಲಿದ್ದರು. ಕಚೇರಿಯ ನೌಕರಿಯಿಂದ ನಿವೃತ್ತರಾದ ಸಾಧು ಮನುಷ್ಯ, ಸೊಳ್ಳೆ ಕಚ್ಚಿದರೂ ಅದಕ್ಕೆ ಹೊಟ್ಟೆ ತುಂಬಿತೋ ಇಲ್ಲವೋ ಎಂದು ಕಾಯುವವರು. ಊಟ ಮುಗಿಸಿ ಕೈ ಒರೆಸುತ್ತಾ ಬಾಲ್ಕನಿಗೆ ಬಂದ ಕೊರಗಣ್ಣನಿಗೆ ಮೂಲೆಯಲ್ಲೊಂದು ಕುಂಡ ಕಂಡಿತು. ಅದರಲ್ಲಿ ದಪ್ಪ ಹಸಿರು ಮೊಳಕೆಗಳು, ಜೋಡಿ ಜೋಡಿಯಾಗಿ.

"ಇದು ಎಲ್ಲಿಂದ ಬಂತು?" ಎಂದು ಕೊರಗಣ್ಣ ಕೇಳಿದರು.

"ಅದಾ, ನಮ್ಮ ಯಕ್ಷಿತಾ ಕೊಟ್ಟದ್ದು ಮಾರಾಯ್ರೆ," ಎಂದರು ಕಾಶಿನಾಥರು ಹೆಮ್ಮೆಯಿಂದ. "ನನ್ನ ರಿಟಾಯರ್‌ಮೆಂಟಿಗೆ. ಫ್ರಿಜ್ಜಿನಲ್ಲಿ ಇಡಿ, ಹಣ್ಣು ಇಡ್ಬೇಡಿ, ಎಲ್ಲ ಅವಳೇ ಹೇಳಿಕೊಟ್ಟದ್ದು. ನೀಲಿ ಹೂ ಬರ್ತದಂತೆ."

ಕೊರಗಣ್ಣ ಬಾಲ್ಕನಿಯಿಂದ ಒಳಬಂದರು. ಪಾಯಸ ಬೇಡವೆಂದರು. ಪವಾಯಿಯಿಂದ ಘಾಟ್ಕೋಪರಿನವರೆಗೆ ಅವರು ಒಂದಕ್ಷರ ಆಡಲಿಲ್ಲ. ಪಕ್ಕದಲ್ಲಿ ಕೂತ ಶೀಲಾವತಿಗೆ ಕುಕ್ಕರಿನ ಸೀಟಿಗೆ ಕಾಯುವ ಹಾಗಾಯಿತು.

ಸೀಟಿ ಹೊಡೆದದ್ದು ಮರುದಿನ ಮಧ್ಯಾಹ್ನ ಒಂದು ಗಂಟೆಗೆ, ಊಟದ ಗಿರಾಕಿಗಳು ಟೇಬಲಿಗೆ ಟೇಬಲು ತುಂಬಿದ್ದಾಗ.

"ನನ್ನ ಗೆಡ್ಡೆ ಕದ್ದು ಅಪ್ಪನ ಮನೆಗೆ ಸಾಗಿಸಿದ್ದೀಯ," ಎಂದು ಕೊರಗಣ್ಣ ಕೌಂಟರಿನ ಮುಂದೆ ನಿಂತು ಕೂಗಿದರು.

ಯಕ್ಷಿತಾ ತಲೆಯೆತ್ತಿದಳು. "ಎಂತ ಮಾವ?"

"ಎಂತ ಅಂತ ನನ್ನನ್ನೇ ಕೇಳ್ತೀಯಾ. ನಿನ್ನೆ ಬಾಲ್ಕನಿಯಲ್ಲಿ ನೋಡಿದೆ. ಅದೇ ಮೊಳಕೆ, ಅದೇ ಎಲೆ. ಮುಂಬಯಿಯಲ್ಲಿ ಈ ಗೆಡ್ಡೆ ಇರುವುದು ನನ್ನ ಫ್ರಿಜ್ಜಿನಲ್ಲಿ ಮಾತ್ರ."

"ಅದು ನಾನು ಎಕ್ಸಿಬಿಷನ್‌ನಲ್ಲಿ ತಗೊಂಡದ್ದು. ಒಂದು ಸ್ಟಾಲ್ ಇತ್ತು."

"ಸ್ಟಾಲಿನಲ್ಲಿ ಸಿಗುವುದು ಕುಲ್ಫಿ. ಸಿಲ್ಲಾ ಸಿಗುವುದಿಲ್ಲ. ಬಿಲ್ ಉಂಟಾ?"

"ಬಿಲ್ ಕೊಡ್ಲಿಲ್ಲ ಅವರು. ಕಸಮ್ ಸೇ ಮಾವ, ನಾನು ನಿಮ್ಮದು ಮುಟ್ಲಿಲ್ಲ."

ಕೊರಗಣ್ಣ ಆಗ ಆಡಿದ ಮಾತುಗಳಲ್ಲಿ ಕಳ್ಳಿ ಎಂಬುದೇ ಸೌಮ್ಯವಾದದ್ದು. ಅದನ್ನು ಅವರು ಕನ್ನಡದಲ್ಲಿ ಹೇಳಿದರು, ಅರ್ಥವಾಗದವರು ಉಳಿದಾರೆಂದು ಹಿಂದಿಯಲ್ಲಿ ಹೇಳಿದರು, ತೃಪ್ತಿಗಾಗಿ ತುಳುವಿನಲ್ಲಿ ಹೇಳಿದರು. ಎತ್ತಿದ ತುತ್ತು ಎತ್ತಿದಲ್ಲೇ ನಿಂತಿತು. ಮೂರನೇ ಟೇಬಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸಂದೀಪ, "ಅಪ್ಪ, ಸಾಕು, ಗಿರಾಕಿ ಇದ್ದಾರೆ," ಎಂದ. ತನ್ನ ಹೆಂಡತಿಯ ಪರವಾಗಿ ಅವನು ಹೇಳಿದ್ದು ಅಷ್ಟೇ.

ಯಕ್ಷಿತಾ ಗಲ್ಲಾದ ಕೀಲಿಯನ್ನು ಟೇಬಲಿನ ಮೇಲಿಟ್ಟಳು.

"ಹೂ ಬರ್ಲಿ. ನಿಮಗೊಬ್ಬರಿಗೇ ಫರಕ್ ಗೊತ್ತಾಗ್ತದೆ ಅಲ್ವಾ? ಬಂದು ನೋಡಿ. ನಿಮ್ಮದೇ ಆದ್ರೆ ನಾನು ಇಲ್ಲಿ ನಿಂತು ಚೋರ್ ಅಂತ ಒಪ್ಕೊಳ್ತೇನೆ. ಅಲ್ಲ ಅಂತಾದ್ರೆ ನೀವು ಇಲ್ಲೇ, ಇದೇ ಟೈಮಿಗೆ, ಇಷ್ಟೇ ಜೋರಾಗಿ ಹೇಳ್ಬೇಕು. ಅಲ್ಲಿವರೆಗೆ ನಾನು ಪವಾಯಿಯಲ್ಲಿ."

ಅವಳು ಚಪ್ಪಲಿ ಹಾಕಿಕೊಂಡು ಇಳಿದು ಹೋದಳು.

ಆಮೇಲಿನ ದಿನಗಳಲ್ಲಿ ಹೋಟೆಲಿನ ಎಲ್ಲ ಲೆಕ್ಕ ತಪ್ಪಿತು. ಉಪ್ಪಿಟ್ಟು ಕೇಳಿದವರಿಗೆ ಉತ್ತಪ್ಪ ಹೋಯಿತು, ಮುಲುಂಡಿನ ಪಾರ್ಸೆಲು ಮಾಟುಂಗಾಕ್ಕೆ ಹೋಯಿತು. ಸಂದೀಪ ಗಡ್ಡ ಬಿಟ್ಟ. ಶೀಲಾವತಿ ಗಂಡನಿಗೆ ಬಡಿಸಿದ ತಟ್ಟೆಯನ್ನು ನೆಲಕ್ಕೆ ಇಡುವುದಕ್ಕೂ ಕುಟ್ಟುವುದಕ್ಕೂ ನಡುವಿನ ಸದ್ದಿನಲ್ಲಿ ಇಡತೊಡಗಿದರು.

"ಅವಳು ತಾನಾಗಿ ಹೋದದ್ದು," ಎಂದು ಕೊರಗಣ್ಣ ಒಂದು ದಿನ ಗುರುಗುಟ್ಟಿದರು.

"ಹೌದು," ಎಂದರು ಶೀಲಾವತಿ. "ನಿಮ್ಮ ಸಿಟ್ಟಿಗೆ ನಾನೂ ಹೋಗುತ್ತಿದ್ದೆ. ನನ್ನ ಕಾಲಕ್ಕೆ ನನಗೆ ಪವಾಯಿ ಇರಲಿಲ್ಲ."

ಕೊರಗಣ್ಣ ಅನ್ನದಲ್ಲಿ ಕಲ್ಲಿದೆ ಎಂದು ಬೈದರು. ಕಲ್ಲಿರಲಿಲ್ಲ.

ಫೆಬ್ರವರಿಯ ಮೊದಲ ವಾರ ಅವರ ಕುಂಡದಲ್ಲಿ ಹೂ ಬಿಟ್ಟಿತು. ಎರಡು ದಿನಕ್ಕೆ ಕಾಶಿನಾಥರ ಫೋನು ಬಂತು: ನಮ್ಮಲ್ಲೂ ಅರಳಿದೆ, ಬಂದುಬಿಡಿ, ಇದನ್ನು ಮುಗಿಸಿಬಿಡುವ.

ಕೊರಗಣ್ಣ ಕುಂಡಕ್ಕೆ ಒದ್ದೆ ಬಟ್ಟೆ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಆಟೋ ಹತ್ತಿದರು. ಒಂದೊಂದು ಹೊಂಡ ಬಂದಾಗಲೂ ಚಾಲಕನ ವಂಶದ ಒಂದೊಂದು ತಲೆಮಾರನ್ನು ಬೈದರು. ಪವಾಯಿ ಮುಟ್ಟುವಷ್ಟರಲ್ಲಿ ಮೊಘಲರ ಕಾಲ ದಾಟಿ ಮಹಾಭಾರತದ ಹತ್ತಿರ ಬಂದಿದ್ದರು. ಇಳಿಯುವಾಗ ಚಾಲಕ, "ಚಾಚಾ, ಇಸ್ಕೋ ಧೂಪ್ ಮೇ ಮತ್ ರಖನಾ," ಎಂದು ಹೂವನ್ನು ಬಿಸಿಲಿನಿಂದ ಕಾಪಾಡಲು ಹೇಳಿ ಹೊರಟುಹೋದ. ಅವರಿಗೆ ಬೈಯಲು ಏನೂ ಉಳಿಯಲಿಲ್ಲ. ಇದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು.

ಬಾಲ್ಕನಿಯಲ್ಲಿ ಕಾಶಿನಾಥರು ಎರಡು ಕುಂಡಗಳನ್ನೂ ಒಂದೇ ಸ್ಟೂಲಿನ ಮೇಲೆ ಜೋಡಿಸಿದರು. ಯಕ್ಷಿತಾ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು. ಅವಳು ಸೊರಗಿದ್ದಳು. ಕೊರಗಣ್ಣ ಎದುರಿನ ಕೆರೆ ನೋಡಿದರು, ಕೆರೆಯಾಚೆಯ ಗುಡ್ಡ ನೋಡಿದರು, ನೋಡಬೇಕಾದದ್ದನ್ನು ಬಿಟ್ಟು ಉಳಿದೆಲ್ಲ ನೋಡಿದರು. ಯಾಕೆಂದರೆ ಬಾಗಿಲಲ್ಲಿ ಕಾಲಿಡುವಾಗಲೇ, ಮೊಣಕಾಲೂರದೆಯೇ, ಅವರಿಗೆ ಕಂಡಾಗಿತ್ತು.

ಅದು ಸಿಲ್ಲಾ ಅಲ್ಲ.

ಆ ಬಾಲ್ಕನಿಯಲ್ಲಿ ಅದು ಗೊತ್ತಿದ್ದವರು ಅವರೊಬ್ಬರೇ. ಕಾಶಿನಾಥರಿಗೆ ಎರಡೂ ನೀಲಿ. ಯಕ್ಷಿತಾಳಿಗೂ ಖಚಿತವಿಲ್ಲ, ಅದು ಅವಳ ಮುಖದಲ್ಲೇ ಕಾಣುತ್ತಿತ್ತು. ಅವಳು ಹೂವಿನ ಬದಲು ಮಾವನ ಬಾಯಿಯನ್ನು ನೋಡುತ್ತಿದ್ದಳು. ಎರಡೂ ಒಂದೇ ಎಂದು ಒಂದು ಮಾತು ಹೇಳಿದರೆ ಮುಗಿಯಿತು. ಇಡೀ ಪವಾಯಿಯಲ್ಲಿ ಅದನ್ನು ಸುಳ್ಳೆನ್ನುವವರಿಲ್ಲ, ಕೊರಗ ಸಾಲ್ಯಾನ್ ಯಾರ ಮುಂದೆಯೂ ತಗ್ಗಬೇಕಾಗಿಲ್ಲ. ಸೊಸೆ ಜನ್ಮಪೂರ್ತಿ ಕಳ್ಳಿಯಾಗಿರುತ್ತಾಳೆ, ಅಷ್ಟೇ. ಆ 'ಅಷ್ಟೇ' ಯಾಕೋ ಅಷ್ಟಕ್ಕೇ ಮುಗಿಯಲಿಲ್ಲ. ಅವರು ಕುಂಡಕ್ಕೆ ಸುತ್ತಿದ್ದ ಒದ್ದೆ ಬಟ್ಟೆಯನ್ನು ಮಡಚತೊಡಗಿದರು. ಬಾಯಿ ತೆರೆದರೆ ಯಾವ ಮಾತು ಹೊರಗೆ ಬೀಳುತ್ತದೆಂದು ಅವರಿಗೇ ಗೊತ್ತಿರಲಿಲ್ಲ.

ಕಾಶಿನಾಥರು ಕೆಮ್ಮಿದರು. "ಹೋಗ್ಲಿ ಬಿಡಿ ಭಾವ. ನನಗೂ ಕಾಣ್ತದೆ, ಎರಡೂ ಒಂದೇ. ಮಕ್ಕಳು, ಅಪ್ಪನ ಮೇಲಿನ ಪ್ರೀತಿಗೆ ಒಂದು ಹಿಡಿ ತೆಗೆದಿರ್ಬಹುದು. ಗೆಡ್ಡೆಗೋಸ್ಕರ ಮನೆ ಒಡೀಬಾರ್ದು. ಎರಡೂ ಒಂದೇ ಹೂ, ಒಂದೇ ಬಣ್ಣ, ನಾವೇ ತಪ್ಪು ಒಪ್ಕೊಳ್ತೇವೆ."

"ಪಪ್ಪಾ," ಎಂದಳು ಯಕ್ಷಿತಾ. ಅಷ್ಟು ಸಣ್ಣ ಧ್ವನಿ ಅವಳಿಗಿದೆಯೆಂದು ಕೊರಗಣ್ಣನಿಗೆ ಗೊತ್ತಿರಲಿಲ್ಲ.

ಆದರೆ ಅವರ ಕಿವಿಯಲ್ಲಿ ನಿಂತದ್ದು ಅದಲ್ಲ. ಎರಡೂ ಒಂದೇ ಎಂಬ ಮಾತು ನಿಂತಿತು. ಕಾಲಿನ ಹೆಬ್ಬೆರಳಿನಿಂದ ಹೊರಟ ಸಿಟ್ಟು ನೆತ್ತಿಗೆ ತಲುಪಲು ಲಿಫ್ಟಿಗೂ ಕಾಯಲಿಲ್ಲ.

"ಎರಡೂ ಒಂದೇಯಾ? ಕಣ್ಣೋ ಬಟಾಟೆ ವಡೆಯೋ ನಿಮ್ಮದು? ಬನ್ನಿ ಇಲ್ಲಿ. ಕೂತ್ಕೊಳ್ಳಿ. ನಿಂತು ಎಂತ ನೋಡ್ತೀರಿ, ಕೂತ್ಕೊಳ್ಳಿ ಅಂದೆ." ಬೀಗರ ಹೆಗಲು ಹಿಡಿದು ಸ್ಟೂಲಿನ ಮುಂದೆ ಮೊಣಕಾಲೂರಿಸಿ, ತಾವೂ ಊರಿದರು. "ಇದು ನನ್ನದು. ತಲೆ ಎಲ್ಲಿ ಉಂಟು? ಕೆಳಗೆ. ನಿಮ್ಮದು ಎಲ್ಲಿ ನೋಡ್ತದೆ? ಮೇಲೆ, ಬಿಲ್ಡಿಂಗಿನ ಟಾಂಕಿ ನೋಡ್ತದೆ. ನಡುವೆ ಬಿಳಿ ಕಾಣ್ತದಾ? ನನ್ನದರಲ್ಲಿ ಉಂಟಾ ಬಿಳಿ? ಈ ಎಸಳು ಎಳೆಯಿರಿ, ಬುಡದವರೆಗೆ ಬಿಡಿಯಾಗಿ ಬಂತಾ? ಈಗ ನಿಮ್ಮದನ್ನು ಎಳೆಯಿರಿ. ಬರ್ತದಾ? ಬರುವುದಿಲ್ಲ, ಕೆಳಗೆ ಕೂಡಿಕೊಂಡಿದೆ. ನಡುವಿನ ಬಿಳಿ ಎಳೆಗಳನ್ನು ನೋಡಿ, ಚಪ್ಪಟೆ, ಗೋಪುರದ ಹಾಗೆ ಒತ್ತಿಕೊಂಡು ನಿಂತಿವೆ. ಇದು ಕಿಯೋನೊಡಾಕ್ಸಾ. ನನ್ನ ಫ್ರಿಜ್ಜಿನಲ್ಲಿ ಇಂಥದ್ದು ಜನ್ಮದಲ್ಲಿ ಇರಲಿಲ್ಲ, ನನ್ನ ಮಾಲಿಯ ಹತ್ತಿರವೂ ಇಲ್ಲ. ಒಂದೇ ಅಂತೆ ಒಂದೇ. ಹಾಗಾದರೆ ನೀವೂ ನಾನೂ ಒಂದೇಯಾ, ಇಬ್ಬರಿಗೂ ಮೂಗು ಉಂಟಲ್ಲ."

ಕೆರೆಯ ಮೇಲಿನ ಬಕಪಕ್ಷಿಗಳೆಲ್ಲ ಎದ್ದು ಹಾರಿದವು. ಕೆಳಗಿನ ವಾಚ್‌ಮನ್ ಸೀಟಿ ಊದಿದ. ಕೊರಗಣ್ಣ ಇನ್ನೂ ಮೊಣಕಾಲ ಮೇಲೇ ಇದ್ದರು. ತಾನು ಏನು ಹೇಳಿದೆನೆಂಬುದು ಅವರಿಗೆ ನಿಧಾನವಾಗಿ, ಬಸ್ಸು ತಪ್ಪಿದವನಿಗೆ ಬಸ್ಸು ತಪ್ಪಿದ್ದು ತಿಳಿಯುವ ಹಾಗೆ, ತಿಳಿಯಿತು.

ಯಕ್ಷಿತಾ ಕಣ್ಣೊರೆಸಿಕೊಂಡಳು. "ಹಾಗಾದ್ರೆ ನಾಳೆ, ಮಾವ. ಒಂದು ಗಂಟೆಗೆ."

ಕೊರಗಣ್ಣ ಸ್ಟೂಲು ಹಿಡಿದು ಎದ್ದರು. ಇಲ್ಲ ಎನ್ನಲು ಅವರಲ್ಲಿ ಮಾತುಗಳಿದ್ದವು, ಕಾರಣವಿರಲಿಲ್ಲ.

ಹೋಟೆಲಿಗೆ ಮರಳಿದಾಗ ಮಧ್ಯಾಹ್ನದ ಗದ್ದಲ ಮುಗಿದು, ಹೆಂಗಸರು ಹಿತ್ತಲಲ್ಲಿ ಸಾಂಬಾರ್ ಈರುಳ್ಳಿ ಸುಲಿಯುತ್ತಿದ್ದರು. ದಿನಾ ಈ ಹೊತ್ತಿಗೆ ಚೀಲಗಟ್ಟಲೆ ಈರುಳ್ಳಿ ಸುಲಿದಿಡುವುದು ಹೋಟೆಲಿನ ಪದ್ಧತಿ. ಕೊರಗಣ್ಣ ಅವರ ಮುಂದೆ ಸ್ಟೂಲು ಎಳೆದು ಕೂತರು. "ಸೊಸೆ ತೆಗೆದಿಲ್ಲ," ಎಂದರು. "ಹಾಗಾದರೆ ಯಾರು?"

ಕಲಬುರಗಿ ಕಡೆಯ ಗಂಗುಬಾಯಿ ಚೂರಿ ಕೆಳಗಿಟ್ಟಳು. ಆಂಟಾಪ್ ಹಿಲ್‌ನಿಂದ ಬರುತ್ತಿದ್ದ ಅವಳು ಕೆಲಸಕ್ಕೆ ಸೇರಿದ್ದು ಹೋದ ದೀಪಾವಳಿಯ ಹೊತ್ತಿಗೆ.

"ಸೇಠ, ಒಂದ್ ಮಾತ್ ಹೇಳ್ತೀನ್ರಿ. ಬೈಬ್ಯಾಡ್ರಿ ಅನ್ನಂಗಿಲ್ಲ, ಬೈರಿ, ಆದ್ರ ಮುಗಿಯೂತನಕ ಸುಮ್ಕಿರ್ರಿ. ನಾ ಬಂದು ವಾರ ಆಗಿತ್ತು. ಅವತ್ತ ಉಳ್ಳಾಗಡ್ಡಿ ಸಾಲಲಿಲ್ಲ. ಫ್ರಿಜ್ಜಿನ ತೆಳಗ ಒಂದ್ ಚೀಲ ಕಂಡಿತು. ಸಣ್ಣ ಉಳ್ಳಾಗಡ್ಡಿ ಅಂತ ತಿಳದು ಸುಲಿಲಾಕ ಕುಂತೆ. ಅರ್ಧ ಚೀಲ ಸುಲದ್ರೂ ಕಣ್ಣಾಗ ಒಂದ್ ಹನಿ ನೀರ ಬರಲಿಲ್ಲರಿ. ಮೂಸಿ ನೋಡ್ದೆ, ವಾಸನಿನೇ ಇಲ್ಲ. ಕೈಗೆಲ್ಲ ಲೋಳಿ. ಇದೆಂಥ ಉಳ್ಳಾಗಡ್ಡಿ, ಅಳಸೂದೇ ಇಲ್ಲಲ್ಲ, ಕೆಟ್ಟ ಮಾಲು ಅಂತ ಸುಲದದ್ದೆಲ್ಲ ಕಚರಾದಾಗ ಹಾಕಿ, ಉಳದದ್ದು ಹಂಗೇ ಇಟ್ಟೆ."

ಹಿತ್ತಲಿನ ನಲ್ಲಿ ತೊಟ್ಟಿಕ್ಕುವುದನ್ನೂ ನಿಲ್ಲಿಸಿತು. ಕೊರಗಣ್ಣನ ಕಿವಿ ಕೆಂಪಾಯಿತು, ಮೀಸೆ ನೆಟ್ಟಗಾಯಿತು. ಉಳಿದ ಹೆಂಗಸರು ಈರುಳ್ಳಿ ಬುಟ್ಟಿಗಳನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡರು.

"ಸೊಸೆಯನ್ನು ಬೈದ ದಿನವಾದರೂ ಯಾಕೆ ಹೇಳಲಿಲ್ಲ?"

"ಹೇಳಬೇಕಂತ ಎದ್ದ್ ನಿಂತಿದ್ನಿರಿ. ನೀವು ಸಣ್ಣಬಾಯಾರಿಗೆ ಬೈಲಿಕ್ಕತ್ತಿದ್ರಿ. ಮನಿ ಸೊಸಿಗೇ ಹಿಂಗಂದ್ರ ನನಗ ಇನ್ನೇನ್ ಅಂತ ಮತ್ತ ಕುಂತ್ನಿ." ಅವಳು ಸ್ವಲ್ಪ ತಡೆದು ಸೇರಿಸಿದಳು: "ಇಲ್ಲಿದ್ದೋರಿಗೆಲ್ಲ ಗೊತ್ತಿತ್ತರಿ. ಎಲ್ಲರೂ ಕುಂತ್ರು."

ಕೊರಗಣ್ಣ ಸುತ್ತ ನೋಡಿದರು. ಬಾಗಿಲಿಗೆ ಬಂದು ನಿಂತಿದ್ದ ಪಾತ್ರೆ ತಿಕ್ಕುವವನು, ದೋಸೆ ಹುಯ್ಯುವವನು, ಕಾಫಿಯವನು, ಎಲ್ಲರೂ ನೆಲ ನೋಡುತ್ತಿದ್ದರು. ತನ್ನ ಗಂಟಲಿಗೆ ಹೆದರಿ ಒಂದು ಅಡುಗೆಮನೆಯಷ್ಟು ಜನ ಒಂದು ಹುಡುಗಿಯನ್ನು ಕಳ್ಳಿಯಾಗಲು ಬಿಟ್ಟಿದ್ದರು. ಒಳಗೆ ಎದ್ದ ಬೆಂಕಿಗೆ ಹೋಗಲು ದಾರಿಯೇ ಸಿಗಲಿಲ್ಲ. ಗಂಗುಬಾಯಿಯ ಕಡೆ ಹೊರಟರೆ ಅವಳು ಹೇಳಿದ್ದೇ ನಿಜವಾಗುತ್ತದೆ. ಅವರು ಎದ್ದು ಅಕ್ಕಿ ಮೂಟೆಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಒಳಗಿನಿಂದ ತುಳುವಿನಲ್ಲಿ ಬೈಗುಳ ಕೇಳಿಸಿತು. ಯಾರನ್ನು ಬೈಯುತ್ತಿದ್ದಾರೆಂದು ಸಂದೀಪ ಬಾಗಿಲಿಗೆ ಕಿವಿಯಿಟ್ಟ. ಪ್ರತಿ ಸಾಲಿನ ಕೊನೆಗೂ ಕೊರಗ ಎಂಬ ಹೆಸರು ಬರುತ್ತಿತ್ತು. ಆ ದಿನ ಅಲ್ಲಿದ್ದ ಅಕ್ಕಿಯನ್ನು ಆಮೇಲೆ ಬೇಯಿಸಬೇಕಾಗಲಿಲ್ಲ, ಹಾಗೇ ಬಡಿಸಿದರು ಎಂದು ದೋಸೆಯವನು ಇಂದಿಗೂ ಆಣೆ ಹಾಕುತ್ತಾನೆ.

ಮರುದಿನ ಒಂದು ಗಂಟೆಗೆ ಯಕ್ಷಿತಾ ಬಂದಳು. ಕೌಂಟರಿಗೆ ಹೋಗಲಿಲ್ಲ. ಗಿರಾಕಿಯ ಹಾಗೆ ಒಂದು ಟೇಬಲಿನಲ್ಲಿ ಕೂತು ನೀರು ಕೇಳಿದಳು. ಶೀಲಾವತಿಯೂ ಎಂದೂ ಬಾರದವರು ಬಂದು ಕೈಕಟ್ಟಿ ನಿಂತರು.

ಕೊರಗಣ್ಣ ಹಾಲಿನ ನಡುವಿಗೆ ಬಂದರು. ಕ್ಷಮೆ ಕೇಳುವವರು ಧ್ವನಿ ತಗ್ಗಿಸುತ್ತಾರೆಂಬ ಸಂಗತಿ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

"ಎಲ್ಲರೂ ತಿನ್ನುವುದು ನಿಲ್ಲಿಸಿ," ಎಂದು ಗುಡುಗಿದರು. "ಹೋದ ತಿಂಗಳು ಇದೇ ಜಾಗದಲ್ಲಿ ನಿಂತು ನಾನು ನನ್ನ ಸೊಸೆಯನ್ನು ಕಳ್ಳಿ ಅಂದೆ. ಅವಳು ಕಳ್ಳಿ ಅಲ್ಲ. ಅವಳ ಅಪ್ಪನ ಮನೆಯ ಹೂ ಬೇರೆ, ನನ್ನ ಹೂ ಬೇರೆ. ಹೂ ಬರುವ ಮೊದಲು ಹೇಳಬಾರದು ಅಂತ ಗೊತ್ತಿದ್ದೂ ಹೇಳಿದೆ. ನನ್ನ ಮಾತು ಕೇಳಿ ಗೆಡ್ಡೆ ಸಾಕಿದವಳು ಅವಳೊಬ್ಬಳು, ಅವಳನ್ನೇ ಬೈದೆ. ತಪ್ಪು ನನ್ನದು. ಆ ದಿನ ಮೂರನೇ ಟೇಬಲಿನಲ್ಲಿ ಯಾರೋ ನಕ್ಕಿರಿ, ಕೇಳಿಸಿದೆ ನನಗೆ. ಅವರು ಇವತ್ತು ಬಂದಿದ್ದರೆ ನನ್ನನ್ನು ನೋಡಿ ನಗಿ."

ಯಾರೂ ನಗಲಿಲ್ಲ. ಒಬ್ಬ ಗಿರಾಕಿ ತಾನೇ ಏನೋ ತಪ್ಪು ಮಾಡಿದವನಂತೆ ಎದ್ದು ನಿಂತ. ಕೊರಗಣ್ಣ ಬೆವರು ಒರೆಸಿಕೊಂಡು ಸೊಸೆಯ ಕಡೆ ನೋಡಿದರು.

ಯಕ್ಷಿತಾ ನೀರಿನ ಲೋಟ ಕೆಳಗಿಟ್ಟಳು. "ಮೇಲೆ ಎಸಿ ಹಾಲಿನವರಿಗೆ ಕೇಳಿಸ್ಲಿಲ್ಲ, ಮಾವ. ಆ ದಿನ ಅವರಿಗೂ ಕೇಳಿಸಿತ್ತು. ಹಿಂದಿಯಲ್ಲಿ."

"ಅಪ್ಪ, ಹೋಗ್ಲಿ ಬಿಡಿ, ನಾನು—" ಎಂದು ಸಂದೀಪ ಶುರುಮಾಡಿದ.

"ನೀನು ಸುಮ್ಮನಿರು," ಎಂದರು ಕೊರಗಣ್ಣ. "ಸುಮ್ಮನಿರುವುದೊಂದು ನಿನಗೆ ಚೆನ್ನಾಗಿ ಬರ್ತದೆ."

ಅವರು ಮರದ ಮೆಟ್ಟಿಲುಗಳನ್ನು ಒಂದೊಂದಾಗಿ ದಂಡಿಸುತ್ತಾ ಮೇಲೆ ಹೋದರು. ಎಸಿ ಹಾಲಿನಲ್ಲಿ ಒಂದು ಗುಜರಾತಿ ಕುಟುಂಬ ದೋಸೆ ಮುರಿಯುತ್ತಿತ್ತು. ಗಾಜಿನ ಬಾಗಿಲು ತಳ್ಳಿದ ರಭಸಕ್ಕೆ ಮಗುವಿನ ಕೈಯ ಚಮಚ ಬಿತ್ತು.

"ಮೇರಾ ಬಹೂ ಚೋರ್ ನಹೀ ಹೈ," ಎಂದು ಕೊರಗಣ್ಣ ಅವರ ಮುಖಕ್ಕೇ ಕೂಗಿದರು. "ಮೈ ಗಲತ್ ಬೋಲಾ."

ಮನೆಯ ಹಿರಿಯಳಿರಬೇಕು, ಬಿಳಿ ಸೀರೆಯ ಅಜ್ಜಿ ಚಟ್ನಿಯ ಬೆರಳನ್ನು ಒರೆಸಿಕೊಂಡು ಅವರನ್ನು ಮೇಲಿಂದ ಕೆಳಗೆ ನೋಡಿದಳು. "ಠೀಕ್ ಹೈ," ಎಂದಳು. "ತೋ ಫಿರ್ ಚೋರ್ ಕೌನ್?"

ಕಳ್ಳ ಯಾರೆಂಬ ಪ್ರಶ್ನೆಗೆ ಕೊರಗಣ್ಣ ತಿರುಗಿದರು. ಮೆಟ್ಟಿಲಿನ ಬುಡದಲ್ಲಿ ಗಂಗುಬಾಯಿ ಈರುಳ್ಳಿ ಬುಟ್ಟಿ ಸೊಂಟಕ್ಕಿಟ್ಟುಕೊಂಡು ನಿಂತಿದ್ದಳು. ಹೆಸರು ಬೀಳುವುದನ್ನೇ ಕಾಯುತ್ತಿದ್ದಳು.

"ಕೋಯಿ ಚೋರ್ ನಹೀ," ಎಂದರು ಕೊರಗಣ್ಣ, ಹಲ್ಲುಗಳ ನಡುವಿನಿಂದ. "ಕಾಂದಾ ಜೈಸಾ ಗಡ್ಡಾ ಹೋಟೆಲ್ ಕೇ ಫ್ರಿಜ್ ಮೇ ಮೈನೇ ಹೀ ರಖಾ. ಜೋ ಗಯಾ, ಮೇರೇ ವಜಹ್ ಸೇ ಗಯಾ. ಔರ್ ಕುಛ್ ಪೂಛನಾ ಹೈ ಕ್ಯಾ? ಡೋಸಾ ಠಂಡಾ ಹೋ ರಹಾ ಹೈ, ಖಾವೋ."

ಈರುಳ್ಳಿಯಂಥ ಗೆಡ್ಡೆಯನ್ನು ಹೋಟೆಲಿನ ಫ್ರಿಜ್ಜಿನಲ್ಲಿಟ್ಟದ್ದು ತಾನೇ, ಹೋದದ್ದು ತನ್ನಿಂದಲೇ ಹೋಯಿತು ಎಂಬ ಆ ಒಪ್ಪಿಗೆ ಕೇಳಿ ಅಜ್ಜಿ ತಿನ್ನತೊಡಗಿದಳು. ಕೆಳಗೆ ಸಂದೀಪ ಕೌಂಟರಿನ ಕುರ್ಚಿ ಬಿಟ್ಟೇಳುವ ಸದ್ದಾಯಿತು. ಕೊರಗಣ್ಣ ಮೆಟ್ಟಿಲ ತುದಿಯಲ್ಲಿ ಕಂಬಿ ಹಿಡಿದು ನಿಂತರು, ಉಸಿರು ಇನ್ನೂ ಕುದಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಕೆಳಗಿನ ಕೌಂಟರಿನಿಂದ ಯಕ್ಷಿತಾಳ ಧ್ವನಿ ಅಡುಗೆಮನೆಯ ಕಡೆಗೆ ಹೋಯಿತು: "ಆರು ನಂಬರ್ ಟೇಬಲ್, ಎರಡು ಮೈಸೂರ್ ಮಸಾಲಾ, ಒಂದು ರವಾ. ಎಷ್ಟು ಹೊತ್ತು ಭಯ್ಯಾ, ಜಲ್ದಿ."